ಹಗರಿ ದಂಡೆಯಿಂದ ಬಂದ ಅಂಗಿ

೨೦೧೨ರ ಡಿಸೆಂಬರ್ ಹತ್ತು, ಸೋಮವಾರ. ಹೆಡ್ ಕಾನ್‌ಸ್ಟೆಬಲ್ ಗುರುಬಸಮ್ಮ ಮಗಳಿಗೆ ಒಂದು ಜಡೆ ಹೆಣೆದು ಇನ್ನೊಂದಕ್ಕೆ ಬಾಚಣಿಗೆ ಹಚ್ಚುವಷ್ಟರಲ್ಲಿ ಠಾಣೆಯಿಂದ ಫೋನ್ ಬಂತು. ಮಗಳನ್ನು ಒಂಟಿ ಜಡೆಯಲ್ಲೇ ಬಿಟ್ಟು ಓಡಿದಳು.

೭-೨೦ಕ್ಕೆ ಠಾಣೆಯ ಬೆಂಚಿನ ಮೇಲೆ ಶಿವಲಕ್ಷ್ಮಿ, ಪಕ್ಕದಲ್ಲಿ ಮುದುಡಿಕೊಂಡು ಏಳು ವರ್ಷದ ಶೃತಿ. ಕಾಣೆಯಾದವಳು ಶಿವಲಕ್ಷ್ಮಿಯ ತಂಗಿ ಸುಮಾ, ಶೃತಿಯ ತಾಯಿ. ಮಗುವನ್ನು ಅಕ್ಕನ ಬಳಿ ಬಿಟ್ಟು ಐದು ವರ್ಷ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದುಡಿದು ಹೋದ ವಾರವಷ್ಟೇ ರಾಯದುರ್ಗಕ್ಕೆ ಬಂದಿದ್ದಳು. ಭಾನುವಾರ ಅಕ್ಕ-ತಂಗಿ ಇಬ್ಬರೂ ಮಗುವನ್ನು ನೆರೆಮನೆಯಲ್ಲಿ ಬಿಟ್ಟು, ಜೀನ್ಸ್ ಹೊಲಿಯುವ ಗೆಳತಿಯರೊಂದಿಗೆ ಬುತ್ತಿ ಕಟ್ಟಿಕೊಂಡು, ಹಗರಿ ನದಿಯ ದಂಡೆ ಹಿಡಿದು ಭೈರವಾನಿತಿಪ್ಪ ಅಣೆಕಟ್ಟೆಗೆ ನಡೆದಿದ್ದರು. ಮರಳುವಾಗ ಆಟೋ ಎರಡು. ಸುಮಾ ಇನ್ನೊಂದರಲ್ಲಿದ್ದಾಳೆಂದು ಎಲ್ಲರೂ ತಿಳಿದರು.

“ನೀವು ಕೊನೆಗೆ ನೋಡಿದ್ದು ಯಾವಾಗ?” ಎಸ್.ಐ. ಗೋವರ್ಧನ್ ಕೇಳಿದರು.

“ಊಟದಾಗ ರೀ. ಆಮ್ಯಾಲ ಆಕಿ ಮಕಾನೇ ನೋಡಿಲ್ರಿ.”

ಎಫ್.ಐ.ಆರ್. ದಾಖಲಾಯಿತು. ೧೧-೪೫ಕ್ಕೆ ನದಿಯ ಮಡುವಿನಲ್ಲಿ ಶವ ಸಿಕ್ಕಿತು. ಪಂಚನಾಮೆಯಲ್ಲಿ ಗುರುಬಸಮ್ಮ ಬರೆದಳು: ಬಂಡೆಯ ಮೇಲೆ ಸೂಜಿ, ನೀಲಿ ದಾರದ ಉಂಡೆ. ಹೊಲಿಯುತ್ತಿದ್ದ ಬಟ್ಟೆ ಇಲ್ಲ.

“ಏನು ಹೊಲೀತಿದ್ದಳು?”

ಜೊತೆಗೆ ನಡೆದಿದ್ದ ಅನ್ನದಾನಮ್ಮ ಕಣ್ಣೊರೆಸಿಕೊಂಡಳು. “ಮಗಳಿಗೆ ಜೀನ್ಸ್ ಅಂಗಿ ರೀ. ಊಟ ಆದಮ್ಯಾಲ ‘ಇನ್ನೊಂದು ಗುಂಡಿ ಐತಿ, ನಡೀರಿ, ಬಂದೆ’ ಅಂದ್ಲು. ‘ರಜಾದಾಗೂ ಸೂಜಿ ಬಿಡವಲ್ಲಿ, ಸೂಪರ್‌ವೈಸರ್ ಬಂದಾನೇನಬೇ?’ ಅಂತ ನಕ್ಕೋತ ಮುಂದ ಬಂದ್ವಿ. ಯಾರು ಹಿಂದುಳಿದ್ರೋ ನೋಡಿಲ್ರಿ.”

ಗುರುಬಸಮ್ಮನ ಪೆನ್ನು ನಿಂತಿತು. ಬೆಳಿಗ್ಗೆ ಬೆಂಚಿನ ಮೇಲಿದ್ದ ಶೃತಿಯ ಮೈಮೇಲೆ ಹೊಸ ಜೀನ್ಸ್ ಅಂಗಿಯಿತ್ತು. ಮೂರು ಗುಂಡಿಗೆ ನೀಲಿ ದಾರ, ನಾಲ್ಕನೆಯದಕ್ಕೆ ಬಿಳಿ.

ಮೂರು ಗಂಟೆಗೆ ಶಿವಲಕ್ಷ್ಮಿಯ ಮನೆ. ಮಗು ಅಂಗಳದಲ್ಲಿತ್ತು.

“ಅಂಗಿ ಯಾರು ತಂದರು?” ಗೋವರ್ಧನ್ ಕೇಳಿದರು.

ಶಿವಲಕ್ಷ್ಮಿ ಅಂಗಳದತ್ತ ನೋಡಿದಳು.

“ಅಂಗೀನೂ ನೀರಿಗೆ ಎಸೀಬಹುದಿತ್ತಲ್ಲವ್ವ,” ಗುರುಬಸಮ್ಮ ಮೆಲ್ಲಗೆ ಅಂದಳು.

“ಚಳಿ ರೀ. ಕೂಸಿಗೆ ಬ್ಯಾರೆ ದಪ್ಪನ್ನ ಅಂಗಿ ಇಲ್ಲ.” ಶಿವಲಕ್ಷ್ಮಿ ಗೋಡೆಗೆ ಒರಗಿ ಕುಸಿದಳು. “‘ನಾಳೆ ಮಗಳನ್ನ ಕರಕೊಂಡು ಹೋಗ್ತೀನಿ, ಸಾಕಿದ್ದು ಸಾಕು, ಇನ್ನ ಆರಾಮಿರಕ್ಕ’ ಅಂದ್ಲು. ಎರಡು ವರ್ಷದ ಕೂಸನ್ನ ಇಷ್ಟು ಮಾಡಿದಾಕಿ ನಾನು. ದಬ್ಬಿಬಿಟ್ಟೆ. ಕೈ ಚಾಚಿದ್ಲು ರೀ… ನಾ ಹಿಡೀಲಿಲ್ಲ.”

೪-೩೦ಕ್ಕೆ ಬಂಧನ. ಹೊರಡುವ ಮುನ್ನ ಮಗುವಿನ ಜಡೆ ಹಾಕಲು ಶಿವಲಕ್ಷ್ಮಿ ಕೇಳಿಕೊಂಡಳು. ಗೋವರ್ಧನ್ ಮುಖ ತಿರುಗಿಸಿ ನಿಂತರು. ಎರಡೂ ಜಡೆ ಮುಗಿಯುವವರೆಗೆ ಗುರುಬಸಮ್ಮ ರಿಬ್ಬನ್ ಹಿಡಿದುಕೊಂಡಿದ್ದಳು.

ಶೃತಿ ಬಿಳಿ ದಾರದ ಗುಂಡಿ ಸವರುತ್ತಾ ತಲೆಯೆತ್ತಿದಳು.

“ದೊಡ್ಡವ್ವಾ, ಅಂಗಿ ತಂದಿ. ಅವ್ವನ್ನ ಯಾಕ ಕರಕೊಂಡು ಬರಲಿಲ್ಲ?”