ಹತ್ತು ಮಾರು ಆಚೆ

ಸುಣ್ಣದ ಗೆರೆ ಮಕ್ಕಳು ಹಾಕಿದ ಜಾಗದಲ್ಲಿರಲಿಲ್ಲ. ಹತ್ತು ಮಾರು ಆಚೆ ಸರಿದಿತ್ತು. ಸುಣ್ಣದ ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದ ಯಾಸೀನ.

ನಸ್ರೀನಳ ಮೈ ಉರಿಯಿತು.

ಹವಳಗಾದ ಆಚೆಗಿನ ಆ ಊರಿನ ಶಾಲೆಯಲ್ಲಿ ಅವಳು ವಿಜ್ಞಾನದ ಟೀಚರ್. ಶಾಲೆಯ ಹಿಂದಿನ ಬಯಲು ಇಪ್ಪತ್ತು ವರ್ಷದ ಮೇಲೆ ಹೇಗಿರಬೇಕು ಎಂದು ಎಂಟನೆಯ ತರಗತಿಯವರನ್ನು ಕೇಳಿದ್ದಳು. ಮಕ್ಕಳು ನಾಲ್ಕು ತಿಂಗಳು ಜಗಳವಾಡಿ ನಕ್ಷೆ ಮಾಡಿದ್ದರು. ಬೇವು, ಬನ್ನಿ, ಹುಣಸೆ, ಚಿಟ್ಟೆಗಳಿಗೆ ಎಕ್ಕದ ಸಾಲು, ನಡುವೆ ಮಳೆನೀರಿನ ಹೊಂಡ. ಮಕ್ಕಳು ಗೆರೆ ಹಾಕಿದಲ್ಲಿ ಹೊಂಡ ತೋಡಲು ಇವತ್ತು ಜೆಸಿಬಿ ಬಂದಿತ್ತು.

ಯಾಸೀನ ಅಫಜಲಪುರದ ನರ್ಸರಿಯವನು. ಸಸಿಗಳ ಲೆಕ್ಕ ನೋಡಲೆಂದು ಪ್ರತಿ ಶನಿವಾರ ಬರುತ್ತಿದ್ದ. ಮಾತಾಡುವಾಗ ಅವಳನ್ನು ಬಿಟ್ಟು ಗೋಡೆ ನೋಡುತ್ತಿದ್ದ. ಅವಳು ಬೋರ್ಡಿನ ಕಡೆ ತಿರುಗಿದರೆ ಮಾತ್ರ ಬೆನ್ನಿಗೆ ಅವನ ಕಣ್ಣು ತಾಕುತ್ತಿತ್ತು. ‘ಚಹಾ ಆಯ್ತ್ರಿ ಟೀಚರ್?’ ಎಂದು ಕೇಳಿ ಉತ್ತರಕ್ಕೆ ನಿಲ್ಲದೆ ಬೈಕ್ ಹತ್ತುತ್ತಿದ್ದ. ಇದಕ್ಕೇನು ಅರ್ಥ? ಶುಕ್ರವಾರ ಸಂಜೆಯೇ ತಾನು ದುಪಟ್ಟಾ ಇಸ್ತ್ರಿ ಮಾಡಿಡುವುದಕ್ಕೆ ಏನು ಅರ್ಥ? ಅವಳಿಗೆ ಎರಡೂ ಗೊತ್ತಾಗಿರಲಿಲ್ಲ.

“ಗೆರೆ ಯಾರು ಸರಿಸಿದ್ರು?”

“ನಾನ ರೀ.”

“ಯಾರನ್ನ ಕೇಳಿ? ಮಕ್ಕಳು ಮಾಡಿದ್ದಂದ್ರ ನಿಮಗ ಆಟ ಅನಸ್ತದೇನ್ರಿ?”

ಯಾಸೀನ ಹಳೆಯ ಗೆರೆ ಇದ್ದಲ್ಲಿಗೆ ನಡೆದು ಕುಕ್ಕುರುಗಾಲಲ್ಲಿ ಕೂತ. ಅವಳೂ ಬಗ್ಗಿದಳು. ಕಪ್ಪು ಮಣ್ಣಿನ ಹೆಂಟೆಗಳ ನಡುವೆ, ಮಣ್ಣಿನದೇ ಬಣ್ಣದ ನಾಲ್ಕು ಮೊಟ್ಟೆ. ತಲೆಯ ಮೇಲೆ ಟಿಟ್ಟಿಭ ಹಕ್ಕಿ ಚೀರುತ್ತ ಸುತ್ತುತ್ತಿತ್ತು.

ಅವನ ಭುಜ ಅವಳ ಭುಜಕ್ಕೆ ಗೇಣು ದೂರದಲ್ಲಿತ್ತು. ಸಿಟ್ಟು ಎಲ್ಲಿ ಹೋಯಿತೆಂದು ಹುಡುಕಿಕೊಂಡಳು. ಇತ್ತು. ಜೊತೆಗೆ ಇನ್ನೇನೋ ಇತ್ತು.

“ಆದ್ರೂ ಕೇಳಬೇಕಿತ್ತು,” ಎಂದಳು.

“ಹೌದ್ರಿ. ತಪ್ಪಾತು.” ಮೊದಲ ಬಾರಿಗೆ ಅವನು ನೇರವಾಗಿ ಅವಳನ್ನೇ ನೋಡಿದ. “ಈಗ ಕೇಳ್ತೇನಿ.”

ಅವನು ಕರೆದದ್ದಕ್ಕೆ ಮಕ್ಕಳು ಬಂದು ದೂರದಿಂದಲೇ ಮೊಟ್ಟೆ ನೋಡಿದರು. ಒಬ್ಬ ಬುಟ್ಟಿಯಲ್ಲಿ ಎತ್ತಿಡೋಣ ಎಂದ, ಇನ್ನೊಬ್ಬಳು ಬೈದಳು. ಕೊನೆಗೆ ತರಗತಿಯ ಲೀಡರ್ ಐಶ್ವರ್ಯಾ ಹೇಳಿದಳು: “ಸರ್, ಆಚಿ ಕಡಿ ದಿಬ್ಬ ಅದ, ನೀರು ನಿಲ್ಲಂಗಿಲ್ಲ. ಹೊಂಡ ಇಲ್ಲೇ ಬೇಕು. ಮರಿ ಹೊರಗ ಬರೂತನ ತಡೀರಿ. ಮಳಿಗಿ ಇನ್ನಾ ಎರಡೂವರಿ ತಿಂಗಳದ.”

ಎಲ್ಲರೂ ಹೌದೆಂದರು.

“ಹಂಗಾರ ನಾ ವಾಪಸ್ ಹೋಗ್ಲ್ಯಾ?” ಎಂದ ಜೆಸಿಬಿಯ ಮಾಳಿಂಗಪ್ಪ. ಯಾಸೀನ ಕೈಮುಗಿದ. ಮಕ್ಕಳು ಕೂಗುತ್ತ ಜೆಸಿಬಿಯ ಹಿಂದೆ ಗೇಟಿನವರೆಗೆ ಓಡಿದರು.

ಬಯಲಿನಲ್ಲಿ ಇಬ್ಬರೇ ಉಳಿದರು.

“ಒಂದು ಮಾತು ಕೇಳೂದದರಿ,” ಎಂದ ಯಾಸೀನ. “ನಮ್ಮ ಅಮ್ಮಿ ಶುಕ್ರವಾರ ನಿಮ್ಮ ಮನಿಗಿ ಬರಬೇಕಂತಾಳ. ನಿಮ್ಮ ಅಬ್ಬಾನ ಕೂಡ ಮಾತಾಡಾಕ. ನಿಮ್ಮನ್ನ ಕೇಳಲಾರದ ಹೋಗಬ್ಯಾಡಂತ ಹೇಳೇನಿ.”

ನಸ್ರೀನಳ ಕಿವಿ ಬಿಸಿಯಾಯಿತು. ಇಷ್ಟು ತಿಂಗಳು ಗೋಡೆಯ ಜೊತೆ ಮಾತಾಡಿದವನು ಇವನೇನಾ?

“ಸಸಿ ಸಲುವಾಗಿ ಬರ್ತಿದ್ರೋ, ಇದರ ಸಲುವಾಗೋ?”

“ಮೊದಲ ಸಸಿ ಸಲುವಾಗೇ ಬರ್ತಿದ್ದೆ ರೀ. ಆಮ್ಯಾಗ… ನನಗೂ ತಿಳೀಲಿಲ್ಲ.”

“ನನಗೂ ಏನೂ ತಿಳೀವಲ್ದು,” ಎಂದಳು ಅವಳು. “ನಿಮ್ಮ ಮ್ಯಾಲಿನ ಸಿಟ್ಟು ಇನ್ನಾ ಇಳದಿಲ್ಲ.”

ಅವನು ತಲೆ ತಗ್ಗಿಸಿ ಬೈಕಿನ ಕಡೆ ಹೆಜ್ಜೆ ಹಾಕಿದ.

“ಯಾಸೀನ್…” ಸರ್ ಎಂಬುದು ಅವಳ ಬಾಯಿಗೆ ಬರಲಿಲ್ಲ. “ಶುಕ್ರವಾರ ಅಮ್ಮಿ ಒಬ್ಬರ ಬಂದ್ರ ಇನ್ನಾ ಸಿಟ್ಟಾಗ್ತೇನಿ. ನೀವೂ ಬರ್ರಿ.”