ಅರ್ಧ ತೋಳು

ಚಿಕ್ಕಮ್ಮ ನನಗೊಂದು ಗಂಡು ಹುಡುಕಿದ್ದರು. ಹುಡುಗ ಹೇಗೆ ಅಂತ ಕೇಳಿದರೆ ಅವರ ಬಾಯಿಂದ ಮೊದಲು ಬಂದ ಮಾತು, "ಅವನಿಗೂ ಸೋರಿಯಾಸಿಸ್ ಇದೆ ಕಣೆ. ಇನ್ನೇನು ಬೇಕು ನಿಂಗೆ?"

ನನಗೆ ಮೈಯೆಲ್ಲ ಉರಿದುಹೋಯಿತು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಗಂಟಲುನೋವು ಬಂದು ಹೋದ ಮೇಲೆ ಶುರುವಾದದ್ದು ಇದು. ಮೊಣಕೈ, ಮೊಣಕಾಲು, ಕಿವಿಯ ಹಿಂದೆ ಕೆಂಪು ಮಚ್ಚೆ, ಅದರ ಮೇಲೆ ಉದುರುವ ಬಿಳಿ ಹೊಟ್ಟು. ಚಳಿಗೆ ಹೆಚ್ಚು, ಚಿಂತೆಗೆ ಇನ್ನೂ ಹೆಚ್ಚು. ಅಂಟುವುದಿಲ್ಲ ಅಂತ ಡಾಕ್ಟರ್ ಬಡಕೊಂಡರೂ ಮನೆಯಲ್ಲಿ ನನ್ನ ಟವೆಲ್ ಬೇರೆ, ಲೋಟ ಬೇರೆ. ಊರಿಗೆಲ್ಲ ಬೇಕಾದ ತೋಳು ಹೊಲಿದುಕೊಡುವ ಟೈಲರ್ ನಾನು. ನನಗೆ ಮಾತ್ರ ಹನ್ನೊಂದು ವರ್ಷದಿಂದ ಮಣಿಕಟ್ಟಿನವರೆಗೆ ತೋಳು. ಈಗ ಒಂಟಿ ಕಾಲುಚೀಲಕ್ಕೆ ಇನ್ನೊಂದನ್ನು ಹುಡುಕಿದ ಹಾಗೆ ನನಗೆ ಜೋಡಿ ಹುಡುಕಿದ್ದಾರೆ.

ಬೇಡ ಅಂತ ಮುಖಕ್ಕೇ ಹೇಳಿ ಬರೋಣ ಎಂದು ಕಾಫಿ ಅಂಗಡಿಗೆ ಹೋದೆ. ಹುಡುಗ ವಾಚ್ ರಿಪೇರಿ ಮಾಡುವವನಂತೆ. ನಾನು ಕುರ್ಚಿ ಎಳೆಯುವಷ್ಟರಲ್ಲೇ ಅವನು, "ಬೇಜಾರು ಮಾಡ್ಕೋಬೇಡಿ. ನಾನು ಬೇಡ ಅನ್ನೋಕೇ ಬಂದಿದ್ದು" ಅಂದ.

ನನ್ನ ಮಾತನ್ನು ಇವನು ಕಸಿದುಕೊಂಡನಲ್ಲ ಅಂತ ರೇಗಿತು. ನನ್ನಲ್ಲೇನು ಕಮ್ಮಿ ಎಂದು ಕೇಳಿಯೇಬಿಟ್ಟೆ. ಕಮ್ಮಿ ಏನೂ ಇಲ್ಲವಂತೆ. ಅವನ ಅಕ್ಕ ನನ್ನ ಹೆಸರಿಗಿಂತ ಮೊದಲು ನನ್ನ ಮೊಣಕೈ ವಿಷಯ ಹೇಳಿದ್ದಳಂತೆ, ಅದಕ್ಕೇ ಸಿಟ್ಟಂತೆ.

ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಇಬ್ಬರೂ ಸೇರಿ ಮನೆಯವರನ್ನು ಚೆನ್ನಾಗಿ ಬೈದೆವು. ಅವನ ಗಿರಾಕಿಗಳು ವಾಚನ್ನು ಕೈಗೆ ಕೊಡದೆ ಮೇಜಿನ ಮೇಲೆ ಇಡುತ್ತಾರಂತೆ. ಈಜುಕೊಳದಲ್ಲಿ ಒಬ್ಬ ಹೊರಗೆ ಹೋಗು ಅಂದಿದ್ದನಂತೆ.

ಅವನು ಲೋಟ ಎತ್ತಿದಾಗ ಉಗುರು ಕಂಡವು. ಮೇಲೆಲ್ಲ ಸಣ್ಣ ಗುಳಿ, ನಾವು ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಲೋಹದ ಟೋಪಿಯಲ್ಲಿ ಇರುತ್ತದಲ್ಲ, ಹಾಗೇ. ನಾನು ನೋಡಿದ್ದು ಗೊತ್ತಾಗಿ ಕೈ ಥಟ್ಟನೆ ಮೇಜಿನ ಕೆಳಗೆ ಹೋಯಿತು. ಹಾಗೆ ಬಚ್ಚಿಡುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಮೇಲಿಡಿ" ಅಂದೆ.

ಎರಡೂ ಕೈ ಇಟ್ಟ. ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸುವ ಬೆರಳುಗಳನ್ನು ಮನಸಾರೆ ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ.

"ಬೈಯುವಾಗ ನಿಮ್ಮ ಎಡಹುಬ್ಬು ಮಾತ್ರ ಮೇಲೆ ಹೋಗುತ್ತೆ. ಅದನ್ನ ನಂಗ್ಯಾರೂ ಹೇಳಿರಲಿಲ್ಲ."

ನಾಚಿಕೆಯಾಯಿತು, ಖುಷಿಯೂ ಆಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಒಪ್ಪಿದರೆ ಚಿಕ್ಕಮ್ಮ ರೋಗಕ್ಕೆ ರೋಗ ಸರಿಹೋಯಿತು ಅಂತ ಬೀಗುತ್ತಾರೆ, ಆ ಖುಷಿ ಅವರಿಗೆ ಕೊಡಲಾರೆ ಅಂದೆ. ಹಾಗಾದರೆ ಮನೆಯಲ್ಲಿ ಇಬ್ಬರೂ ಬೇಡ ಅಂತಲೇ ಹೇಳೋಣ ಅಂದ. ಎದ್ದು ನಿಂತು, ಗುರುವಾರ ಅಂಗಡಿಗೆ ರಜ ಎಂದೂ ಸೇರಿಸಿದ.

ಬೇಡ ಅಂದದ್ದಕ್ಕೆ ಚಿಕ್ಕಮ್ಮ ಮೂರು ದಿನ ಮಾತು ಬಿಟ್ಟರು. ಗುರುವಾರ ಬೆಳಗ್ಗೆ ಹೊಸ ಬಟ್ಟೆಯ ತೋಳಿಗೆ ಮೊಣಕೈಗಿಂತ ಮೇಲಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಿದೆ, ಹೊಲಿದು ಹಾಕಿಕೊಂಡೆ. ಬಾಗಿಲಲ್ಲೇ ಸಿಕ್ಕಿಬಿದ್ದೆ.

"ಈ ತೋಳು ಬಿಟ್ಕೊಂಡು ಹೋದ್ರೆ ಯಾರು ನೋಡ್ತಾರೆ ನಿನ್ನ?"

"ಒಬ್ಬ ನೋಡ್ತಾನೆ ಚಿಕ್ಕಮ್ಮ. ನಾನೇ ಹುಡುಕ್ಕೊಂಡಿದ್ದು."