ಒಬ್ಬರು ಸಾಕು

ಮೊದಲ ದಿನ ಅವನು ನನ್ನನ್ನು ರೋಗಿಯ ಕಡೆಯವಳು ಅಂದುಕೊಂಡ. ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಮೇಜಿನಡಿ ನಾನು ಕೇಬಲ್ ಹುಡುಕುತ್ತಾ ಕೂತಿದ್ದೆ. ಬಗ್ಗಿ ನೋಡಿ, ಏನಾದರೂ ಕಳೆದುಹೋಯಿತೇ ಮೇಡಂ ಎಂದು ಬಹಳ ಮರ್ಯಾದೆಯಿಂದ ಕೇಳಿದ. ಬುದ್ಧಿ ಕಳೆದುಹೋಗಿದೆ, ಅದಕ್ಕೇ ಈ ಕೆಲಸಕ್ಕೆ ಸೇರಿದ್ದೇನೆ ಎಂದೆ. ಅವನ ಕಿವಿ ಕೆಂಪಾಯಿತು. ಆ ಕಿವಿಗಳನ್ನು ಮತ್ತೆ ಮತ್ತೆ ಕೆಂಪು ಮಾಡಬೇಕೆಂದು ಅವತ್ತೇ ನನಗೆ ಆಸೆ ಹುಟ್ಟಿತು. ಹಾಳಾದ ಆಸೆ.

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಓಡಾಡುವ ಕೆಲಸಕ್ಕಿದ್ದವರು ನಾವಿಬ್ಬರೇ. ಏನು ಕೇಳಿದರೂ ಬುಡದಿಂದ ವಿವರಿಸುತ್ತಿದ್ದ ಅವನನ್ನು ನಾನು ಮೇಷ್ಟ್ರೇ ಎನ್ನುತ್ತಿದ್ದೆ. ಬಾಯಿಗೆ ಬಿಡುವು ಕೊಡದ ನನ್ನನ್ನು ಅವನು ರೇಡಿಯೋ ಎನ್ನುತ್ತಿದ್ದ. ಆ ವರ್ಷ ಎಲ್ಲ ವಾರ್ಡುಗಳಿಗೂ ಹೊಸ ಪ್ರಿಂಟರ್ ಬಂದವು, ರಕ್ತದ ಟ್ಯೂಬಿಗೆ ಅಂಟಿಸುವ ಲೇಬಲ್ ಮುದ್ರಿಸುವಂಥವು. ತಂದಿಟ್ಟರೆ ಸಾಲದು, ಅವುಗಳ ಜೊತೆ ಮಾತಾಡಲು ಪ್ರತಿ ಕಂಪ್ಯೂಟರಿಗೂ ಡ್ರೈವರ್ ಎಂಬ ಪುಟ್ಟ ಸಾಫ್ಟ್‌ವೇರ್ ಹಾಕಬೇಕು. ಕಂಪ್ಯೂಟರ್ ಈಚೆ, ಪ್ರಿಂಟರ್ ಪಕ್ಕದ ಕೋಣೆಯಲ್ಲಿ. ಹಾಗಾಗಿ ಒಬ್ಬರು ಕೂತು ನೆಕ್ಸ್ಟ್, ನೆಕ್ಸ್ಟ್, ಒಪ್ಪಿಗೆ ಎಂದು ಒತ್ತಬೇಕು, ಇನ್ನೊಬ್ಬರು ಪ್ರಿಂಟರಿನ ಮುಂದೆ ನಿಂತು ಟೆಸ್ಟ್ ಲೇಬಲ್ ಬಂತೇ ಇಲ್ಲವೇ ಎಂದು ಕೂಗಿ ಹೇಳಬೇಕು.

ಟೆಸ್ಟ್ ಲೇಬಲಿನಲ್ಲಿ ಏನಿರಬೇಕೆಂದು ಯಾರೂ ನಿಯಮ ಮಾಡಿರಲಿಲ್ಲ. ಒಂದು ಬೆಳಿಗ್ಗೆ ಹೆರಿಗೆ ವಾರ್ಡಿನಲ್ಲಿ ಪ್ರಿಂಟರ್ ಹೊರಗೆ ತಳ್ಳಿದ ಚೀಟಿಯ ಮೇಲೆ 'ತಿಂಡಿ ಆಯ್ತಾ?' ಎಂದಿತ್ತು. ಇನ್ನೂ ಇಲ್ಲ ಎಂದು ಕೂಗಿದೆ. ಪ್ರಿಂಟರ್ ಕೆಟ್ಟಿದೆ ಅಂದುಕೊಂಡು ನರ್ಸಕ್ಕ ತಲೆ ಚಚ್ಚಿಕೊಂಡರು.

ಆಮೇಲೆ ಅದೇ ಚಾಳಿಯಾಯಿತು. 'ನಿನ್ನೆಯ ಕೋಪ ಇಳೀತಾ?' 'ನೀಲಿ ಬಣ್ಣ ಒಪ್ಪುತ್ತೆ.' ಚೀಟಿ ಹಿಡಿದು ಬಾಗಿಲಿನಿಂದ ಇಣುಕಿದರೆ ಅವನು ಏನೂ ಅರಿಯದವನಂತೆ ಗಂಭೀರವಾಗಿ ಕೂತಿರುತ್ತಿದ್ದ, ಕಿವಿ ಮಾತ್ರ ಕೆಂಪು. ಡ್ರೈವರ್ ಎಷ್ಟು ಇಳಿಯಿತೆಂದು ತೋರಿಸುವ ಹಸಿರು ಗೆರೆ ಪರದೆಯ ಮೇಲೆ ತೆವಳುವಷ್ಟು ಹೊತ್ತೂ ನಾವು ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಯಾರಾದರೂ ಬಂದರೆ ಗೆರೆಯನ್ನು ನೋಡುತ್ತಿದ್ದೆವು. ಮದುವೆಯ ಮಾತು ಅವನ ಬಾಯಿಂದ ಬರಲಿ ಎಂದು ನಾನು ಕಾಯುತ್ತಲೇ ಇದ್ದೆ.

ಈ ಕೆಲಸ ನನಗೆ ಸುಮ್ಮನೆ ಸಿಕ್ಕಿದ್ದಲ್ಲ. ಹುಡುಗಿಯಾದವಳು ವೈರು ಹಿಡಿದು ಮೇಜಿನಡಿ ತೂರುವುದೇನು ಎಂದು ಅಣ್ಣ ರಂಪ ಮಾಡಿದ್ದ. ಅಮ್ಮ ಅತ್ತಿದ್ದಳು. ಅಣ್ಣನ ಜೊತೆ ಮಾತು ಬಿಟ್ಟು, ಹಟ ಹಿಡಿದು ಸೇರಿದವಳು ನಾನು. ಇದು ಹೋದರೆ ಅಣ್ಣ ಗೆದ್ದ ಹಾಗೆ. ಕ್ಯಾಂಟೀನಿನಲ್ಲಿ ಇದನ್ನೆಲ್ಲ ಹೇಳಿಕೊಂಡಾಗ ಮೇಷ್ಟ್ರು ನನ್ನ ಕೈ ಹಿಡಿದು ಕೊನೆಯತನಕ ಕೇಳಿದ್ದ.

ಹೊಸ ಕಟ್ಟಡ ತೆರೆದ ಮೇಲೆ ಓಡಾಟ ಹೆಚ್ಚಿತು. ಮೆಟ್ಟಿಲು ಹತ್ತಿ ಮಂಡಿ ನೋಯುತ್ತೆ ಎಂದು ಒಮ್ಮೆ ಗೊಣಗಿದೆ. ಗೊಣಗಿದ್ದಷ್ಟೇ. ಅವನು ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಊಟ ತಿಂಡಿ ಮರೆತು ಕಪ್ಪು ಪರದೆಯ ಮುಂದೆ ಕೂತ. ಅಲ್ಲಿ ಮೌಸ್ ಇಲ್ಲ, ಚಿತ್ರ ಇಲ್ಲ, ಏನು ಮಾಡಿಸಬೇಕೋ ಅದನ್ನು ಅಕ್ಷರದಲ್ಲೇ ಟೈಪ್ ಮಾಡಿ ಹೇಳಬೇಕು. ಒಂದು ಮಧ್ಯಾಹ್ನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಒಂದು ಸಾಲು ಬರೆದು ಎಂಟರ್ ಒತ್ತಿದ. ವಾರ್ಡುಗಳ ಹೆಸರು ಸರಸರನೆ ಇಳಿದವು. ಎದ್ದು ಹೋಗದೆ, ಯಾರಿಗೂ ಗೊತ್ತೇ ಆಗದೆ, ಎಲ್ಲ ಕಂಪ್ಯೂಟರಿಗೂ ಡ್ರೈವರ್ ಬಿದ್ದಿತ್ತು. ಲೇಬಲ್ ಬಂತೆಂದು ಪ್ರಿಂಟರುಗಳೇ ವರದಿ ಒಪ್ಪಿಸಿದವು.

"ಇದು ಯಾರನ್ನೂ ಏನೂ ಕೇಳಲ್ಲ," ಎಂದ. "ಎಲ್ಲದಕ್ಕೂ ಹೌದು ಅಂತ ನಾನೇ ಮೊದಲೇ ಬರೆದುಬಿಟ್ಟಿದೀನಿ. ಇನ್ಮೇಲೆ ನೀನು ಮೆಟ್ಟಿಲು ಹತ್ತೋ ಹಾಗಿಲ್ಲ."

ನನಗಾಗಿ ಇಷ್ಟು ಮಾಡಿದನಲ್ಲ ಎಂದು ಉಬ್ಬಿಹೋದೆ. ಎಲ್ಲರೆದುರೇ ಅವನ ತೋಳು ಚಿವುಟಿದೆ.

ತಿಂಗಳು ಮುಗಿಯುವ ಮುಂಚೆ ಮ್ಯಾನೇಜರ್ ಸಾಹೇಬರು ನನ್ನನ್ನು ಕರೆದು, ಕಾಂಟ್ರಾಕ್ಟ್ ಮುಂದುವರಿಸುತ್ತಿಲ್ಲ ಎಂದರು. ಪಾಪ, ನೀರಿನ ಲೋಟವನ್ನೂ ನನ್ನ ಕಡೆ ತಳ್ಳಿದರು. ಇನ್ನು ಒಬ್ಬರು ಸಾಕಂತೆ. ಹಾಗೆಂದವನು ಮೇಷ್ಟ್ರೇ ಅಂತೆ.

ಅವನನ್ನು ಹುಡುಕಿಕೊಂಡು ಹೊರಟೆ. ಅವನು ಲಿಫ್ಟಿನ ಮುಂದೆ ಸಿಕ್ಕ. ಕೇಳಿದ್ದಕ್ಕೆ ಮುಚ್ಚಿಡಲೂ ಇಲ್ಲ.

"ಎಷ್ಟು ಜನ ಬೇಕಾಗುತ್ತೆ ಅಂದ್ರು. ಒಬ್ಬರು ಸಾಕು ಅಂದೆ. ಸುಳ್ಳು ಹೇಳಕ್ಕಾಗುತ್ತಾ?"

"ಆ ಒಬ್ಬರು ಯಾರು ಅಂತ ಕೇಳಲಿಲ್ವಾ?"

"ಕೇಳಿದ್ರು." ಅವನ ಕಿವಿ ಕೆಂಪಾಗತೊಡಗಿತು. "ನಾವು ಹೇಗೂ ಮದುವೆ ಆಗೋರು ತಾನೇ. ಆಮೇಲೆ ನೀನ್ಯಾಕೆ ಮೇಜಿನ ಕೆಳಗೆಲ್ಲ ತೂರಬೇಕು, ಆರಾಮಾಗಿ ಮನೇಲಿರಬಹುದಲ್ಲ ಅಂತ..."

ಇಷ್ಟು ದಿನ ಕಾದ ಮಾತು ಬಂದೇಬಿಟ್ಟಿತು. ಅದರ ಬೆನ್ನಿಗೇ ಅಣ್ಣನ ಮಾತು ಅಂಟಿಕೊಂಡು ಬಂತು.

"ನನ್ನ ಹೌದನ್ನೂ ನೀವೇ ಮೊದಲೇ ಬರೆದುಬಿಟ್ರಾ ಮೇಷ್ಟ್ರೇ?" ಎಂದೆ.

ತಪ್ಪು ತಿಳಿಯಬೇಡ ಎಂದ, ಎಲ್ಲ ಮಾಡಿದ್ದು ನಿನಗೋಸ್ಕರ ಎಂದ. ಅದು ಸುಳ್ಳಲ್ಲ, ನನ್ನನ್ನು ಕಂಡರೆ ಅವನಿಗೆ ಪ್ರಾಣ. ನನಗೂ ಅಷ್ಟೇ. ಅದೇ ಸಂಕಟ.

ಲಿಫ್ಟು ಬಂತು, ಇಬ್ಬರೂ ಹತ್ತಿದೆವು. ಕೆಳಗಿಳಿಯುವಷ್ಟು ಹೊತ್ತೂ ನಾನು ಒಂದು ಮಾತಿಗೆ ಕಾದೆ. ನೀನಿರು, ನಾನು ಬೇರೆ ಕಡೆ ಕೆಲಸ ನೋಡ್ಕೋತೀನಿ, ಅಂತ. ಬಾಯಿಮಾತಿಗೆ ಅಂದಿದ್ದರೂ ಸಾಕಿತ್ತು. ಬೇಡ ಎನ್ನುತ್ತಿದ್ದೆ, ಅವನನ್ನೇ ಇರಿಸುತ್ತಿದ್ದೆ, ಅವತ್ತು ಸಂಜೆಯೇ ಅವನನ್ನು ಅಮ್ಮನ ಮುಂದೆ ನಿಲ್ಲಿಸುತ್ತಿದ್ದೆ.

ಅವನು ಗಂಟಲು ಸರಿಮಾಡಿಕೊಂಡ. "ಸಂಜೆ ನಿಮ್ಮನೆಗೆ ಬಂದು ನಿಮ್ಮಣ್ಣನ ಹತ್ರ ಮಾತಾಡ್ಲಾ?"

ಬಾಗಿಲು ತೆರೆಯಿತು.

"ಬಂದು ಮಾತಾಡಿ," ಎಂದೆ. "ನಿಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತೆ. ನಾನು ಮಾತ್ರ ಅಲ್ಲಿರಲ್ಲ."

ಹೊರಗೆ ಬಂದು ತಿರುಗಿ ನೋಡಿದೆ. ಅವನಿಗೆ ಮೇಲೆ ಕೆಲಸವಿತ್ತು, ಇಳಿಯಲಿಲ್ಲ.